ನೆಲ್ಸನ್ ಬಿದ್ದ ಮೇಲೆ

1966ರ ಮಾರ್ಚ್ 8ರ ರಾತ್ರಿ ಸುಮಾರು ಒಂದೂವರೆ ಗಂಟೆಗೆ ಡಬ್ಲಿನ್ ನಗರದ ಓ'ಕಾನೆಲ್ ಬೀದಿಯ ನಟ್ಟನಡುವೆ ನಿಂತಿದ್ದ ನೆಲ್ಸನ್ ಕಂಬದ ಮೇಲ್ಭಾಗ ಬಾಂಬಿಗೆ ಸಿಡಿದು ಬಿತ್ತು. ಯಾರಿಗೂ ಗಾಯವಾಗಲಿಲ್ಲ. ಹತ್ತಿರ ನಿಂತಿದ್ದ ಒಂದು ಟ್ಯಾಕ್ಸಿ ಮಾತ್ರ ಜಖಂಗೊಂಡಿತು. ನ್ಯಾಯ ಸಚಿವ ಬ್ರಿಯನ್ ಲೆನಿಹಾನ್ ಕೃತ್ಯವನ್ನು ಖಂಡಿಸಿದರು. ಊರು ಮಾತ್ರ ನಗತೊಡಗಿತು.

ಈ ನಗು ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಸ್ಮಾರಕವೊಂದು ಉರುಳಿದಾಗ ಜನ ಕೆರಳುವುದು, ಅಳುವುದು, ಜಯಕಾರ ಹಾಕುವುದು ನಮಗೆ ಗೊತ್ತು. ಡಬ್ಲಿನ್ನಿನವರು ಹಾಡು ಕಟ್ಟಿದರು. ಬೆಲ್‌ಫಾಸ್ಟಿನ ಕೆಲವು ಶಾಲಾ ಮೇಷ್ಟ್ರುಗಳ ತಂಡ ಕೆಲವೇ ದಿನಗಳಲ್ಲಿ ಹಾಡಿದ ಒಂದು ಲಾವಣಿ ಎಂಟು ವಾರ ಐರ್ಲೆಂಡಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಕಲ್ಲಿನ ಚೂರುಗಳನ್ನು ಜನ ನೆನಪಿಗೆಂದು ಮನೆಗೆ ಒಯ್ದರು. ಬ್ರಿಟಿಷ್ ದಂಡನಾಯಕ ವಿಮಾನಮಾರ್ಗವಾಗಿ ಊರು ಬಿಟ್ಟ ಎಂಬರ್ಥದ ತಲೆಬರಹವನ್ನು ಅಧ್ಯಕ್ಷ ಡಿ ವೆಲೆರಾ ಅವರೇ ಪತ್ರಿಕೆಗೆ ಫೋನು ಮಾಡಿ ಸೂಚಿಸಿದರಂತೆ. ಕಥೆ ನಿಜವೋ ಸುಳ್ಳೋ, ಗಂಭೀರಮುಖದ ಆ ಮುದುಕನ ಹೆಸರಿಗೇ ಅದು ಅಂಟಿಕೊಂಡಿತಲ್ಲ, ಅದು ಸ್ವಾರಸ್ಯ.

ಉಳಿದ ಮೋಟುಗಂಬವನ್ನು ಮಾರ್ಚ್ 14ರಂದು ಸೇನೆಯ ಎಂಜಿನಿಯರುಗಳು ಸಿಡಿಮದ್ದಿಟ್ಟು ಕೆಡವಿದರು. ಮೊದಲ ಸ್ಫೋಟಕ್ಕಿಂತ ಸೇನೆಯದರಿಂದಲೇ ಹೆಚ್ಚು ಗಾಜು ಒಡೆಯಿತೆಂದು ಊರಿನವರು ಇಂದಿಗೂ ಹೇಳುತ್ತಾರೆ. ಪರಿಹಾರದ ಲೆಕ್ಕ ಬೇರೆಯೇ ಇದೆ. ಆದರೆ ಸರ್ಕಾರಕ್ಕಿಂತ ಕಳ್ಳನೇ ಕುಶಲಿ ಎನ್ನುವ ಕಥೆಯ ರುಚಿಯ ಮುಂದೆ ಲೆಕ್ಕವನ್ನು ಯಾರು ಕೇಳುತ್ತಾರೆ?

ಕಂಬ ಎದ್ದದ್ದು 1808–09ರಲ್ಲಿ, ಟ್ರಫಾಲ್ಗರ್ ಸಮುದ್ರಯುದ್ಧ ಗೆದ್ದು ಮಡಿದ ನೆಲ್ಸನ್ ನೆನಪಿಗೆ. ಲಂಡನ್ನಿನ ನೆಲ್ಸನ್ ಕಂಬಕ್ಕಿಂತ ಇದು ಮೂರು ದಶಕ ಹಳೆಯದು. ಹಣ ಕೊಟ್ಟವರಲ್ಲಿ ಮುಖ್ಯರಾದವರು ಡಬ್ಲಿನ್ನಿನ ವರ್ತಕರು, ಬ್ಯಾಂಕಿನವರು. ಸಮುದ್ರದ ವ್ಯಾಪಾರ ನಿರ್ಭಯವಾಯಿತೆಂಬ ಸಂತೋಷ ಅವರದು. ಸ್ವಾತಂತ್ರ್ಯ ಬಂದ ಮೇಲೆ ಅದು ಕಣ್ಣಿನ ಕಸವಾಯಿತು. ಎದುರಿಗೇ 1916ರ ಈಸ್ಟರ್ ದಂಗೆಯ ಕೇಂದ್ರವಾಗಿದ್ದ ಅಂಚೆ ಕಚೇರಿ. ದಂಗೆಯ ಐವತ್ತನೇ ವರ್ಷಾಚರಣೆಗೆ ತಿಂಗಳಿರುವಾಗಲೇ ಬಾಂಬು ಸಿಡಿದದ್ದು ಕಾಕತಾಳೀಯವಲ್ಲ. ಅದಕ್ಕೂ ಮೊದಲು, 1937ರಲ್ಲಿ ಎರಡನೇ ಜಾರ್ಜ್, 1957ರಲ್ಲಿ ಜನರಲ್ ಗಫ್, ಹೀಗೆ ಹಲವು ಪ್ರತಿಮೆಗಳು ಸಿಡಿದುಹೋಗಿದ್ದವು. ವಿಕ್ಟೋರಿಯಾ ರಾಣಿಯನ್ನು 1948ರಲ್ಲಿ ಇಳಿಸಿಟ್ಟರು. ಆಕೆ ಈಗ ಸಿಡ್ನಿಯಲ್ಲಿ ಕೂತಿದ್ದಾಳೆ.

ಎಲ್ಲರೂ ನಗಲಿಲ್ಲ. ಕವಿ ಯೇಟ್ಸ್ 1920ರ ದಶಕದಲ್ಲೇ, ಬೇಕಿದ್ದರೆ ಬೇರೆಡೆ ನಿಲ್ಲಿಸಿ, ಒಡೆಯಬೇಡಿ, ಕಟ್ಟಿದವರ ಬದುಕೂ ನಮ್ಮ ಪರಂಪರೆಯೇ ಎಂಬ ನಿಲುವು ತಾಳಿದ್ದರು. ಕಂಬ ಹೋದ ಮೇಲೆ ಸೆನೆಟರ್ ಓವನ್ ಶೀಹಿ-ಸ್ಕೆಫಿಂಗ್ಟನ್, ಕೆಡವಿದವನು ಲಿಫಿ ದಂಡೆಯ ಪುರಾತನ ನಗರಕ್ಕೆ ಬರ್ಮಿಂಗ್ಹ್ಯಾಮಿನ ಕಳೆ ತಂದ ಎಂದು ನೊಂದುಕೊಂಡರು. ಇಂಗ್ಲೆಂಡಿನ ಗುರುತು ಅಳಿಸಹೋಗಿ ಇಂಗ್ಲಿಷ್ ಊರೊಂದರಂತಾಗುವುದು! ಅಂದಿನ ಟೀಕೆಗಳಲ್ಲಿ ನನಗೆ ಇದೇ ಹರಿತವಾದದ್ದು.

ನಾನು ಆ ಕಂಬವನ್ನು ಕಂಡದ್ದು ಜಾಯ್ಸ್‌ನ 'ಯೂಲಿಸಿಸ್' ಪುಟಗಳಲ್ಲಿ. ಸ್ಟೀಫನ್ ಹೇಳುವ ಕಥೆಯಲ್ಲಿ ಇಬ್ಬರು ವಯಸ್ಸಾದ ಹೆಂಗಸರು ಬುತ್ತಿ ಕಟ್ಟಿಕೊಂಡು, ಏದುಸಿರು ಬಿಡುತ್ತ ಅದನ್ನು ಹತ್ತುತ್ತಾರೆ. ನೆಲ್ಸನ್ನನನ್ನು ನೋಡಲು ತಲೆಯೆತ್ತಿ ಕುತ್ತಿಗೆ ನೋಯುತ್ತದೆ. ಕೊನೆಗೆ ಪ್ಲಮ್ ಹಣ್ಣು ತಿಂದು ಬೀಜವನ್ನು ಕಂಬಿಗಳ ಸಂದಿಯಿಂದ ಕೆಳಗೆ ಉಗುಳುತ್ತಾರೆ. ಒಳಗೆ 168 ಮೆಟ್ಟಿಲಿದ್ದವು. ಚಿಲ್ಲರೆ ಕಾಸು ಕೊಟ್ಟರೆ ಯಾರು ಬೇಕಾದರೂ ಹತ್ತಿ ಇಡೀ ಊರನ್ನು ನೋಡಬಹುದಿತ್ತು. ಬಡವರ ಪಾಲಿಗೆ ಅದು ದಂಡನಾಯಕನ ಸ್ಮಾರಕಕ್ಕಿಂತ ಹೆಚ್ಚಾಗಿ ಭಾನುವಾರದ ಅಟ್ಟವಾಗಿತ್ತು. ಬಾಂಬು ಸಾಮ್ರಾಜ್ಯದ ಜತೆ ಇದನ್ನೂ ಒಯ್ದಿತು. ಅಲ್ಲೀಗ 2003ರಲ್ಲಿ ಮುಗಿದ 120 ಮೀಟರ್ ಎತ್ತರದ ಉಕ್ಕಿನ ಸೂಜಿ ನಿಂತಿದೆ. ಅದನ್ನು ಹತ್ತುವ ಹಾಗಿಲ್ಲ.

ನೆಲ್ಸನ್ನನ ತಲೆಯ ಕಥೆ ಬೇರೆಯೇ. ನಗರಸಭೆಯ ಉಗ್ರಾಣದಿಂದ ಕಲಾ ಕಾಲೇಜಿನ ವಿದ್ಯಾರ್ಥಿಗಳು ಅದನ್ನು ಕದ್ದು, ಸಂಘದ ಸಾಲ ತೀರಿಸಲು ಬಾಡಿಗೆಗೆ ಬಿಟ್ಟರು! ಲಂಡನ್ನಿನ ಹಳೆಸಾಮಾನಿನ ಅಂಗಡಿಯವರೆಗೂ ಹೋಗಿಬಂದ ತಲೆ ಈಗ ಪಿಯರ್ಸ್ ಬೀದಿಯ ಗ್ರಂಥಾಲಯದಲ್ಲಿದೆ.

ಇದೇ ಊರಿನ ಫೀನಿಕ್ಸ್ ಪಾರ್ಕಿನಲ್ಲಿ ವೆಲಿಂಗ್ಟನ್ನನ 62 ಮೀಟರ್ ಸ್ಮಾರಕ ಸ್ವಸ್ಥವಾಗಿ ನಿಂತಿದೆ. ಡಬ್ಲಿನ್ನಿನಲ್ಲೇ ಹುಟ್ಟಿದ, ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈತ. ಅದರ ಬುಡದ ಕಂಚಿನ ಫಲಕಗಳಲ್ಲೊಂದು ಭಾರತದ ಯುದ್ಧಗಳದು. ಮಾಡಿದವನು ಜೋಸೆಫ್ ಕರ್ಕ್, ನೆಲ್ಸನ್ ಪ್ರತಿಮೆ ಕಡೆದ ಥಾಮಸ್ ಕರ್ಕನ ಮಗ. ಆ ಫಲಕದ ಮೇಲೆ ಡಬ್ಲಿನ್ನಿನಲ್ಲಿ ಯಾರೂ ಹಾಡು ಕಟ್ಟಿದಂತಿಲ್ಲ.