ಮೈಲಾರ ಸೀಮೆಯ ಮಾಳಿಗೆ ಮನೆ: ಗಾರೆಯಿಂದ ಸಿಮೆಂಟಿಗೆ

ಜನಪದ ವಾಸ್ತುವನ್ನು ಕುರಿತು ವಿವೇಚಿಸುವಾಗ ಮನೆಯ ವಿನ್ಯಾಸದಷ್ಟೇ ಗೋಡೆಯ ಲೇಪವೂ ಮುಖ್ಯವಾಗುತ್ತದೆ. ಮನೆಯ ಬಾಳಿಕೆ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ. ತುಂಗಭದ್ರೆಯ ದಡದ ಮೈಲಾರವೂ ಸೇರಿದಂತೆ ಹೂವಿನಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಹಳೆಯ ಮಾಳಿಗೆ ಮನೆಗಳು ಇದಕ್ಕೆ ನಿದರ್ಶನ. ಈ ಭಾಗ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿದೆ.

ಮಾಳಿಗೆಯ ಭಾರವನ್ನು ಮರದ ಕಂಬ, ತೊಲೆ, ಜಂತಿಗಳು ಹೊರುತ್ತವೆ. ಗೋಡೆ ಮಣ್ಣಿನದು ಅಥವಾ ಕಲ್ಲುಮಣ್ಣಿನದು. ತೊಲೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಗೋಡೆಗೆ ತಟ್ಟಿದ ತೇವ ಮರಕ್ಕೂ ತಟ್ಟುತ್ತದೆ. ಹೊಟ್ಟು, ಸಗಣಿ ಬೆರೆಸಿ ತುಳಿದು ಹದಗೊಳಿಸಿದ ಮಣ್ಣಿನ ಮೆತ್ತಿಗೆ ಈ ತೇವವನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತಿತ್ತು. ಹಬ್ಬ, ಜಾತ್ರೆಗಳಿಗೆ ಮುನ್ನ ಹೆಂಗಸರು ಮಾಡುತ್ತಿದ್ದ ಸಾರಣೆ ಆಚರಣೆಯೂ ಹೌದು, ವಾರ್ಷಿಕ ದುರಸ್ತಿಯೂ ಹೌದು.

ಉಳ್ಳವರ ಮನೆಗಳಿಗೆ ಗಾರೆ ಬಂದಿತು. ಇದರ ಭವ್ಯ ರೂಪವನ್ನು ಸಮೀಪದ ಹಂಪಿಯ ಕಮಲ ಮಹಲಿನಲ್ಲಿಯೂ ಹಜಾರರಾಮ ದೇವಾಲಯದ ಇಟ್ಟಿಗೆಯ ಶಿಖರದಲ್ಲಿಯೂ ಕಾಣಬಹುದು. ಸುಟ್ಟ ಸುಣ್ಣದ ಕಲ್ಲನ್ನು ನೀರಿನಲ್ಲಿ ಅರಳಿಸಿ, ಮರಳು ಕೂಡಿಸಿ, ಗಾಣದಲ್ಲಿ ಅರೆದು ಗಾರೆಯನ್ನು ಸಿದ್ಧಪಡಿಸಲಾಗುತ್ತಿತ್ತು. ಬೆಲ್ಲ, ಅಳಲೆಕಾಯಿಯ ನೀರನ್ನು ಬೆರೆಸುವ ಪದ್ಧತಿ ದಕ್ಷಿಣ ಭಾರತದಲ್ಲಿ ವ್ಯಾಪಕವಾಗಿತ್ತು. ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುತ್ತದೆ. ಆದರೂ ತೇವಕ್ಕೆ ದಾರಿ ಬಿಡುತ್ತದೆ.

ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಇಂಗ್ಲೆಂಡಿನಲ್ಲಿ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಹಕ್ಕುಪತ್ರ ಪಡೆದನು. ಭಾರತದಲ್ಲಿ ಪೋರಬಂದರಿನ ಕಾರ್ಖಾನೆಯಿಂದ 1914ರಲ್ಲಿ ಅದರ ಉತ್ಪಾದನೆ ನೆಲೆಗೊಂಡಿತು. ಮುಂದೆ ಹಳ್ಳಿಯ ಮಣ್ಣಿನ ಗೋಡೆಗೂ ಸಿಮೆಂಟಿನ ಗಿಲಾವು ಏರಿತು. ವರ್ಷವರ್ಷದ ಸಾರಣೆಯ ದುಡಿಮೆ ತಪ್ಪುವುದರಿಂದ ಈ ಆಯ್ಕೆ ಸಹಜವೇ. ಆದರೆ ಬುಡದಿಂದ ಏರಿದ ಮತ್ತು ಬಿರುಕಿನಿಂದ ಇಳಿದ ನೀರು ಈ ಗಡುಸು ಪದರದ ಹಿಂದೆ ಸಿಕ್ಕಿಬೀಳುತ್ತದೆ. ಮಣ್ಣು ಸಡಿಲಗೊಂಡು ಗಿಲಾವು ಹಲ್ಲೆಹಲ್ಲೆಯಾಗಿ ಉದುರುತ್ತದೆ, ತೊಲೆಯ ತುದಿ ಕೊಳೆಯುತ್ತದೆ, ಗೆದ್ದಲಿಗೆ ಎಡೆಯಾಗುತ್ತದೆ. ಮರ ಹಿಗ್ಗಿ ಕುಗ್ಗುವುದರಿಂದ ಅದರ ಮೇಲೆ ನೇರವಾಗಿ ಬಳಿದ ಗಿಲಾವು ಬಿರಿಯುತ್ತದೆ. ಅಮೆರಿಕದಲ್ಲಿ ಹಲಗೆ ಹೊದಿಸಿದ ಮನೆಗೆ ಗಿಲಾವು ಮಾಡುವಾಗ ಮೊದಲು ನೀರು ತಡೆಯುವ ಕಾಗದವನ್ನೂ ತಂತಿಯ ಜಾಲರಿಯನ್ನೂ ಹೊಡೆಯುವುದು ಈ ಕಾರಣಕ್ಕಾಗಿಯೇ.

ಹೀಗೆ ನೋಡಿದಾಗ ಸಾರಣೆಯನ್ನು ಬಡತನದ ಗುರುತೆಂದು ತಿಳಿಯುವುದು ಸರಿಯಲ್ಲ. ಅದು ಗೋಡೆಯ ಸ್ವಭಾವವನ್ನರಿತ ಅನುಭವಜ್ಞಾನ. ಮಾಳಿಗೆ ಮನೆಯನ್ನು ಉಳಿಸಬೇಕಾದರೆ ಮಣ್ಣಿಗೆ ಮಣ್ಣು, ಸುಣ್ಣಕ್ಕೆ ಸುಣ್ಣ ಎಂಬ ಕ್ರಮವೇ ಯೋಗ್ಯ. ಸಾರಿಸಿದ ಕೈಗಳ ಮತ್ತು ಗಾರೆ ಅರೆದವರ ತಿಳಿವಳಿಕೆಯನ್ನು ಅವರಿರುವಾಗಲೇ ದಾಖಲಿಸುವುದು ಇಂದಿನ ತುರ್ತು.