ಮನೆಯಿಂದ ಹೊರಗೆ ಹೋದ ತಂತಿ

ಹೋದ ತಿಂಗಳು ನನಗೆ ನೈಟ್ ಶಿಫ್ಟ್ ಇತ್ತು. ನಮ್ಮ ಟೀಮಿನ ಕೆಲಸ ಏನಪ್ಪಾ ಅಂದ್ರೆ, ಅಮೆರಿಕದ ಯಾರ್ಯಾರದೋ ಮನೆಗಳಲ್ಲಿರುವ ಸೆನ್ಸರ್, ಥರ್ಮೋಸ್ಟಾಟ್, ಬಾಗಿಲ ಬೀಗಗಳು ಸರಿಯಾಗಿ ಕೆಲಸ ಮಾಡ್ತಿವೆಯಾ ಅಂತ ಬೆಂಗಳೂರಿನಲ್ಲಿ ಕೂತು ನೋಡೋದು. ಮನೆಯವರ ಹೆಸರು, ವಿಳಾಸ ಏನೂ ನಮಗೆ ಕಾಣಲ್ಲ, ಒಂದು ನಂಬರ್ ಅಷ್ಟೇ. ಒಂದು ರಾತ್ರಿ, ಬ್ಯಾಟರಿ ಕಡಿಮೆಯಾಗಿದೆ ಅಂತ ಟಿಕೆಟ್ ಬಂತು. ಲಾಗ್ ತೆಗೆದೆ. ಆ ಮನೆಯ ಮುಂಬಾಗಿಲು ದಿನಾ ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ತೆರೆಯುತ್ತಿತ್ತು. ಕಳೆದ ಮೂರು ದಿನಗಳಿಂದ ತೆರೆದೇ ಇರಲಿಲ್ಲ. ಎಲ್ಲೋ ಪ್ರವಾಸ ಹೋಗಿರಬಹುದು. ಅಥವಾ... ಸೆನ್ಸರ್ ಮಾತ್ರ ಆರೋಗ್ಯವಾಗಿತ್ತು. "ಬ್ಯಾಟರಿ ಬದಲಿಸಲು ತಿಳಿಸಿ" ಅಂತ ಬರೆದು ಟಿಕೆಟ್ ಮುಚ್ಚಿದೆ. ಬಾಗಿಲಿನ ವಿಷಯ ಬರೆಯೋಕೆ ಆ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

ಅವತ್ತಿನಿಂದ ಒಂದು ಹುಳ ತಲೆಯೊಳಗೆ ಹೊಕ್ಕಿದೆ. ಇನ್ನೊಬ್ಬರ ಮನೆಯ ಬಾಗಿಲನ್ನು ದೂರದಲ್ಲಿ ಕೂತು ಕಾಯುವ ಈ ಕೆಲಸ ಶುರುವಾಗಿದ್ದಾದರೂ ಹೇಗೆ? ಇಂಟರ್ನೆಟ್ ಬಂದ ಮೇಲಿನದ್ದು ಅಂದುಕೊಂಡಿದ್ದೆ. ಹುಡುಕುತ್ತಾ ಹೋದರೆ ನೂರೈವತ್ತು ವರ್ಷ ಹಿಂದಕ್ಕೆ ಹೋಯ್ತು!

1853ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ಆಗಸ್ಟಸ್ ಪೋಪ್ ಎಂಬಾತ ವಿದ್ಯುತ್ತಿನ ಕಳ್ಳಗಂಟೆಗೆ ಪೇಟೆಂಟ್ ಪಡೆದ. ಬಾಗಿಲಿಗೋ ಕಿಟಕಿಗೋ ತಂತಿ ಕಟ್ಟಿರುತ್ತೆ. ತೆರೆದರೆ ಸರ್ಕಿಟ್ ಪೂರ್ತಿಯಾಗಿ ಗಂಟೆ ಬಡಿಯುತ್ತೆ. ಕಳ್ಳ ಗಾಬರಿಯಾಗಿ ಬಾಗಿಲು ಮುಚ್ಚಿದರೂ ಬಡಿತ ನಿಲ್ಲೋದಿಲ್ಲ. ಇದರ ಹಕ್ಕನ್ನು 1857ರಲ್ಲಿ ಎಡ್ವಿನ್ ಹೋಮ್ಸ್ ಅನ್ನೋ ವ್ಯಾಪಾರಿ ಕೊಂಡುಕೊಂಡ. ಎರಡು ವರ್ಷ ಬಿಟ್ಟು ಬಾಸ್ಟನ್‌ನಿಂದ ನ್ಯೂಯಾರ್ಕಿಗೆ ಬಂದ, ಕಳ್ಳರು ಅಲ್ಲೇ ಜಾಸ್ತಿ ಅನ್ನೋ ಲೆಕ್ಕಾಚಾರದಲ್ಲಿ. ವ್ಯಾಪಾರದ ಬುದ್ಧಿ ಅಂದ್ರೆ ಇದು ನೋಡಿ :)

ಅಲ್ಲಿಯವರೆಗೂ ಗಂಟೆ ಮನೆಯೊಳಗೇ ಬಡಿಯುತ್ತಿತ್ತು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಕೇಳೋರು ಯಾರು? ಹಾಗಾಗಿ 1870ರ ದಶಕದಲ್ಲಿ ತಂತಿ ಮನೆಯಿಂದ ಹೊರಗೆ ಬಂತು. ಊರಿನಲ್ಲೊಂದು ಕಚೇರಿ, ಅಲ್ಲಿ ರಾತ್ರಿಯೆಲ್ಲಾ ಎದ್ದಿರುವ ಜನ, ಒಬ್ಬೊಬ್ಬ ಗಿರಾಕಿಯ ಮನೆಯಿಂದ ಅಥವಾ ಬ್ಯಾಂಕಿನಿಂದ ಅಲ್ಲಿಗೊಂದು ತಂತಿ. 1874ರಲ್ಲಿ ಹುಟ್ಟಿದ ಅಮೆರಿಕನ್ ಡಿಸ್ಟ್ರಿಕ್ಟ್ ಟೆಲಿಗ್ರಾಫ್, ಅಂದ್ರೆ ಇವತ್ತಿನ ಎಡಿಟಿ ಕಂಪನಿ, ಬೆಳೆದದ್ದೂ ಇದೇ ದಾರಿಯಲ್ಲಿ. 1877ರಲ್ಲಂತೂ ಬಾಸ್ಟನ್‌ನ ಹೋಮ್ಸ್ ಕಚೇರಿಯಲ್ಲಿ ಅದೇ ತಂತಿಗಳನ್ನು ಹಗಲು ಟೆಲಿಫೋನಿಗೆ, ರಾತ್ರಿ ಕಾವಲಿಗೆ ಬಳಸಿ ನೋಡಿದರು. ಟೆಲಿಫೋನ್ ಎಕ್ಸ್‌ಚೇಂಜಿನ ಮೊದಲ ಪ್ರಯೋಗಗಳಲ್ಲಿ ಅದೂ ಒಂದು.

ಆ ಕಚೇರಿಯಲ್ಲಿ ಕೂತವನಿಗೆ ಗೊತ್ತಾಗ್ತಿದ್ದದ್ದು ಎಷ್ಟು? ಇಂಥ ಮನೆಯ ಬಾಗಿಲು ತೆರೆಯಿತು, ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಒಂದೇ ಒಂದು ಬಿಟ್. ಯಾರು ಬಂದರು, ಯಾರ ಜೊತೆ ಬಂದರು, ಏನು ಉಟ್ಟಿದ್ದರು, ಆ ತಂತಿಗೆ ಯಾವುದೂ ತಿಳಿಯದು. ಅವತ್ತಿನ ತಂತ್ರಜ್ಞಾನದ ಬಡತನವೇ ಮನೆಯವರ ಮಾನ ಕಾಯ್ತಿತ್ತು ಅಂತ ನನಗನ್ನಿಸುತ್ತೆ.

ನಡುವೆ 1975ರಲ್ಲಿ ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ 'ಎಕ್ಸ್ 10' ಕಂಡುಹಿಡಿಯಿತು. ಮನೆಯ ಕರೆಂಟಿನ ವೈರಿನಲ್ಲೇ ಸಂದೇಶ ಕಳಿಸಿ ಲೈಟು ಹಾಕೋದು, ಆರಿಸೋದು. ಒಟ್ಟು 256 ವಿಳಾಸ. ಪಕ್ಕದ ಮನೆಯವರೂ ಅದೇ ಕೋಡ್ ಇಟ್ಟುಕೊಂಡಿದ್ದರೆ ಅವರು ಬಟನ್ ಒತ್ತಿದಾಗ ನಿಮ್ಮ ಮನೆ ದೀಪ ಹತ್ತುವುದೂ ಇತ್ತು! ಆದರೆ ಅದು ಕೆಲಸ ಮಾಡಲು ಯಾವ ಕಂಪನಿಯ ಅಪ್ಪಣೆಯೂ ಬೇಕಿರಲಿಲ್ಲ. ಕಂಪನಿ ಮುಳುಗಿದರೂ ದೀಪ ಹತ್ತುತ್ತಿತ್ತು.

ನನಗೆ ತುಂಬಾ ಹಿಡಿಸಿದ್ದು ಜಪಾನಿನ ಕಥೆ. 1996ರಲ್ಲಿ ಟೋಕಿಯೋದ ಇಕೆಬುಕುರೋದಲ್ಲಿ ಒಬ್ಬ ಮುದುಕಿ, ಕಾಯಿಲೆ ಬಿದ್ದಿದ್ದ ಆಕೆಯ ಮಗ, ಇಬ್ಬರೂ ಮನೆಯೊಳಗೇ ತೀರಿಕೊಂಡಿದ್ದರು. ಹೊರಗಿನವರಿಗೆ ಗೊತ್ತಾಗಿದ್ದು ಸುಮಾರು ಒಂದು ತಿಂಗಳ ಮೇಲೆ. ಈ ಸುದ್ದಿಯಿಂದ ಕಲಕಿಹೋದ ವೈದ್ಯರೊಬ್ಬರಿಂದ ಶುರುವಾದ ವಿಚಾರ, ಕೊನೆಗೆ ಜೋಜಿರುಶಿ ಕಂಪನಿಯ 'ಐ-ಪಾಟ್' ಆಗಿ 2001ರಲ್ಲಿ ಹೊರಬಂತು. ಜಪಾನಿನ ಮುದುಕರು ದಿನಕ್ಕೆ ಹಲವು ಸಲ ಟೀ ಕುಡೀತಾರಲ್ಲ, ಆ ಬಿಸಿನೀರಿನ ಪಾತ್ರೆಯೊಳಗೇ ಒಂದು ವೈರ್‌ಲೆಸ್ ಸಾಧನ ಇಟ್ಟರು. ಅಜ್ಜಿ ನೀರು ಬಗ್ಗಿಸಿಕೊಂಡ ವಿಷಯ ಕಂಪನಿಯ ಸರ್ವರಿಗೆ, ಅಲ್ಲಿಂದ ದಿನಕ್ಕೆ ಎರಡು ಇ-ಮೇಲ್ ದೂರದಲ್ಲಿರುವ ಮಕ್ಕಳಿಗೆ. ಕ್ಯಾಮೆರಾ ಇಲ್ಲ, ಮೈಕ್ ಇಲ್ಲ. ಇವತ್ತು ಅಮ್ಮ ಟೀ ಮಾಡಿಕೊಂಡಳು, ಇಷ್ಟೇ ಸುದ್ದಿ. ಮತ್ತೆ ಅದೇ ಒಂದು ಬಿಟ್! ಮುಖ್ಯ ಏನಂದ್ರೆ, ಅದರಲ್ಲಿ ಕಾಯುತ್ತಿದ್ದದ್ದು ಪಾತ್ರೆಯನ್ನಲ್ಲ, ಅಜ್ಜಿಯನ್ನ. ನನ್ನ ಫಾರ್ಮಿನಲ್ಲಿ ಇಲ್ಲದಿದ್ದ ಜಾಗ ಅದೇ.

ಆಮೇಲಿನದ್ದು ನಿಮಗೂ ಗೊತ್ತಿರೋದೇ. ಕ್ಯಾಮೆರಾ ಅಗ್ಗವಾಯ್ತು, ಎಲ್ಲವೂ ಕ್ಲೌಡಿಗೆ ಹೋಯ್ತು. ಟೆಕ್ಸಾಸಿನ ಡಲ್ಲಾಸ್ ಕಡೆ ಎಡಿಟಿಯ ಒಬ್ಬ ಟೆಕ್ನಿಶಿಯನ್, ಕ್ಯಾಮೆರಾ ಹಾಕಲು ಹೋದ ಮನೆಗಳ ಅಕೌಂಟಿಗೆ ತನ್ನ ಇ-ಮೇಲನ್ನೂ ಸೇರಿಸಿಕೊಳ್ತಿದ್ದ. ನಾಲ್ಕೂವರೆ ವರ್ಷದಲ್ಲಿ ಸುಮಾರು 200 ಮನೆಗಳೊಳಗೆ 9,600ಕ್ಕೂ ಹೆಚ್ಚು ಸಲ ಇಣುಕಿ ನೋಡಿದ್ದ. 2021ರ ಜನವರಿಯಲ್ಲಿ ತಪ್ಪೊಪ್ಪಿಕೊಂಡ, 52 ತಿಂಗಳ ಜೈಲಾಯ್ತು. ಯಾವ ಹ್ಯಾಕಿಂಗೂ ಇಲ್ಲ, ಒಂದು ಇ-ಮೇಲ್ ಸೇರಿಸಿದ್ದು ಅಷ್ಟೇ! ನಾಲ್ಕೂವರೆ ವರ್ಷ ಆ ಪಟ್ಟಿಯನ್ನು ಯಾರೂ ನೋಡಲಿಲ್ಲ ಅನ್ನೋದು, ಇದೇ ಕೆಲಸದಲ್ಲಿರುವ ನನಗೆ ಅವನ ಚಟಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತೆ.

ಇನ್ನೊಂದು ಕಡೆ, ತಂತಿಯ ಆ ತುದಿಯವರು ಎದ್ದು ಹೋದರೆ? ರಿವಾಲ್ವ್ ಅನ್ನೋ ಹಬ್‌ನ ಕಂಪನಿಯನ್ನು 2014ರಲ್ಲಿ ಗೂಗಲ್ ಒಡೆತನದ ನೆಸ್ಟ್ ಕೊಂಡಿತು, 2016ರ ಮೇನಲ್ಲಿ ಸೇವೆ ನಿಲ್ಲಿಸಿತು. 299 ಡಾಲರ್ ಕೊಟ್ಟ ಪೆಟ್ಟಿಗೆ ಪೇಪರ್‌ವೇಟ್ ಆಯ್ತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸರ್ವರುಗಳು ಒಂದು ಮಾತೂ ಹೇಳದೆ ನಿಂತುಹೋದವು. ಜನ ಮೊಬೈಲ್ ಒತ್ತಿದರೆ ದೀಪ ಹತ್ತಲಿಲ್ಲ. ಜೂನ್ ಹೊತ್ತಿಗೆ ಗಿರಾಕಿಗಳದ್ದೇ ಒಂದು ಗುಂಪು ಕಂಪನಿಯನ್ನು ಕೊಂಡು ಮತ್ತೆ ಶುರು ಮಾಡಿತು. ಮನೆ ದೀಪ ಹತ್ತಿಸಲು ಕಂಪನಿಯನ್ನೇ ಕೊಳ್ಳೋದು!

ಇದೆಲ್ಲಾ ಈಗ ಯಾಕೆ ಓದಿದೆ ಅಂದ್ರೆ, ಅಪ್ಪ ಹೋದ ಮೇಲೆ ಅಮ್ಮ ತೀರ್ಥಹಳ್ಳಿ ಹತ್ತಿರದ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಅಮೆರಿಕದಲ್ಲಿರುವ ಅಣ್ಣ ಎರಡು ಕ್ಯಾಮೆರಾ ತಂದಿಟ್ಟು ಹೋಗಿದ್ದಾನೆ, ಒಂದು ಜಗಲಿಗೆ, ಇನ್ನೊಂದು ಅಡುಗೆಮನೆಗೆ. ಹಾಕಿಕೊಡುವ ಕೆಲಸ ನನ್ನದು. ಬಾಕ್ಸ್ ಬಿಚ್ಚಿದಾಗ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಇದರಲ್ಲಿ ನೀವಿಬ್ರು ನೋಡ್ತೀರಿ, ಸರಿ. ಮತ್ಯಾರು ನೋಡ್ತಾರೆ ಮಾರಾಯ?" ಯಾರೂ ನೋಡಲ್ಲ ಅನ್ನೋಕೆ ಬಾಯಿ ಬರಲಿಲ್ಲ. ಹೋದ ತಿಂಗಳು ರಾತ್ರಿಯಿಡೀ ಕೂತು ನೋಡಿದವನು ನಾನೇ ಅಲ್ವಾ?

ಬಾಕ್ಸ್ ಅಟ್ಟದ ಮೇಲಿದೆ. ಅಣ್ಣನಿಗೆ ನನ್ನ ಮೇಲೆ ಇನ್ನೂ ಸಿಟ್ಟು. ಅಮ್ಮ ಬಿದ್ದರೆ ಜವಾಬ್ದಾರಿ ಯಾರದು ಅಂತ ಕೇಳ್ತಾನೆ. ಅವನ ಮಾತೂ ಸುಳ್ಳಲ್ಲ. ಸದ್ಯಕ್ಕೆ ನಾನು, ಅಮ್ಮ ಒಂದು ಒಪ್ಪಂದ ಮಾಡಿಕೊಂಡಿದ್ದೀವಿ. ಬೆಳಿಗ್ಗೆ ಕಾಫಿ ಕುಡಿದು ಲೋಟ ತೊಳೆದ ಮೇಲೆ ಒಂದು ಮಿಸ್ಡ್ ಕಾಲ್. ನಾನು ಎತ್ತುವ ಹಾಗಿಲ್ಲ. ಎಂಟು ಗಂಟೆಯೊಳಗೆ ಬರದಿದ್ದರೆ ಪಕ್ಕದ ಮನೆಯವರಿಗೆ ಫೋನ್ ಮಾಡಬೇಕು. ಮೊನ್ನೆ ಏಳೂಮುಕ್ಕಾಲಾದರೂ ಬರಲಿಲ್ಲ. ಫೋನನ್ನು ಟೇಬಲ್ ಮೇಲಿಟ್ಟುಕೊಂಡು ಕೂತೆ. 7:52ಕ್ಕೆ ಬಂತು. ಹಾಲು ಒಡೆದಿತ್ತಂತೆ.