ಪರವಾನಗಿ ಆರಿಸಿಕೊಟ್ಟ ಕೋವಿ: ಗಡಿನಾಡ ಕಾಡಂಚಿನಲ್ಲಿ ಅಗ್ಗದ ಬೇಟೆಯಾಯುಧದ ಚರಿತ್ರೆ

ಗಡಿನಾಡಿನ ಕನ್ನಡದಲ್ಲಿ ಬೇಟೆಯ ಆಯುಧಕ್ಕೆ ಒಂದೇ ಹೆಸರಿಲ್ಲ. ಕಾಸರಗೋಡಿನ ಕಡೆ ಅದು ಕೋವಿ, ಹೊಸೂರು ತಾಳವಾಡಿಗಳ ಕಡೆ ತುಪಾಕಿ, ಸೊಲ್ಲಾಪುರ ಅಕ್ಕಲಕೋಟೆಗಳ ಕಡೆ ಬಂದೂಕು. ಮೊದಲನೆಯದು ಕೊಳವೆ ಎಂಬ ಅರ್ಥದ ದೇಶ್ಯ ಶಬ್ದ. ಉಳಿದೆರಡು ತುರ್ಕಿ, ಪಾರಸಿ, ಅರಬಿಗಳ ದಾರಿಯಲ್ಲಿ ದಂಡುಗಳೊಂದಿಗೆ ಬಂದವು. ಹೆಸರು ಹೀಗೆ ಬೇರೆಬೇರೆಯಾದರೂ, ಕಾಸರಗೋಡಿನಿಂದ ವಯನಾಡು, ನೀಲಗಿರಿ, ತಾಳವಾಡಿಗಳ ಮೂಲಕ ಡೆಂಕಣಿಕೋಟೆಯವರೆಗೆ ಹಬ್ಬಿರುವ ಕಾಡಂಚಿನಲ್ಲಿ, ಕೈಯಲ್ಲಿ ಹಣ ಕಡಿಮೆಯಿದ್ದ ಬೇಸಾಯಗಾರನ ಮನೆಯಲ್ಲಿ ಸಿಗುತ್ತಿದ್ದ ವಸ್ತು ಬಹುಮಟ್ಟಿಗೆ ಒಂದೇ ಆಗಿತ್ತು: ಬಾಯಿಯಿಂದ ಮದ್ದು ತುಂಬುವ, ಒಂಟಿ ನಳಿಗೆಯ ಕೇಪಿನ ಕೋವಿ. ಇದೇ ಕಾಡುಗಳ ಬಗ್ಗೆ ಬರೆದ ಬೇಟೆಯ ಪುಸ್ತಕಗಳಲ್ಲಿ ಮಾತ್ರ ರೈಫಲುಗಳೇ ತುಂಬಿವೆ. ಬಡವನಿಗೆ ರೈಫಲು ಎಟುಕಲಿಲ್ಲ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಅದು ಅರ್ಧ ಉತ್ತರ. ಯಾವ ಕೋವಿಯನ್ನು ಕೊಳ್ಳಬೇಕೆಂಬ ತೀರ್ಮಾನದಲ್ಲಿ ಹಣದ ಚೀಲಕ್ಕಿಂತ ಮೊದಲು ಕೈಹಾಕುತ್ತಿದ್ದುದು ಕಾನೂನು.

ಮೊದಲಿಗೆ ಬೇಸಾಯಗಾರನ ಲೆಕ್ಕವನ್ನೇ ನೋಡಬೇಕು, ಏಕೆಂದರೆ ಅದು ಅವಿವೇಕದ ಲೆಕ್ಕವಾಗಿರಲಿಲ್ಲ. ಕೋವಿಯ ಬೆಲೆಯನ್ನು ಒಮ್ಮೆ ಕೊಟ್ಟರೆ ಮುಗಿಯಿತು. ಈಡಿನ ಬೆಲೆಯನ್ನು ಪ್ರತಿ ಸಲವೂ ಕೊಡಬೇಕು. ತೋಟಾ ಕೋವಿಗೆ ಕಾರ್ಖಾನೆಯಲ್ಲಿ ತಯಾರಾದ ತೋಟಾ ಬೇಕು, ಅದನ್ನು ಪಟ್ಟಣದ ಪರವಾನಗಿಯುಳ್ಳ ಅಂಗಡಿಯಲ್ಲೇ ಕೊಳ್ಳಬೇಕು, ಕೊಂಡದ್ದನ್ನು ಪುಸ್ತಕದಲ್ಲಿ ಬರೆಸಬೇಕು. ಕೇಪಿನ ಕೋವಿಗೂ ಮದ್ದು ಮತ್ತು ಕೇಪುಗಳನ್ನು ಅಂಗಡಿಯಿಂದಲೇ ತರಬೇಕಾಗಿತ್ತಾದರೂ, ಉಳಿದದ್ದೆಲ್ಲ ಮನೆಯಲ್ಲೇ ಹೊಂದುತ್ತಿತ್ತು. ಸೀಸವನ್ನು ಕರಗಿಸಿ ಗುಂಡು ಎರೆಯಬಹುದು. ಮದ್ದಿನ ಮೇಲೆ ತುರುಕಲು ತೆಂಗಿನ ನಾರು ಸಾಕು. ಹಕ್ಕಿಗೆ ಸಣ್ಣ ಚರೆ, ಹಂದಿಗೆ ದೊಡ್ಡ ಗುಂಡು ಎಂದು ಒಂದೇ ನಳಿಗೆಯನ್ನು ಹತ್ತು ಕೆಲಸಕ್ಕೆ ಹೊಂದಿಸಿಕೊಳ್ಳಬಹುದು. ರೈಫಲಿಗೆ ಈ ಹೊಂದಾಣಿಕೆಯಿಲ್ಲ. ಅದರ ನಳಿಗೆಯೊಳಗಿನ ಸುರುಳಿ ಗೀರುಗಳು ಒಂದೇ ಗುಂಡನ್ನು ತಿರುಗಿಸಿ ನೇರವಾಗಿ ಬಹುದೂರ ಕಳುಹಿಸುವುದಕ್ಕೆಂದೇ ಇರುವವು. ಗದ್ದೆಯ ಅಂಚಿನ ಅಟ್ಟಣೆಯಲ್ಲಿ ಕುಳಿತು, ಬೆಳದಿಂಗಳಲ್ಲಿ ಇಪ್ಪತ್ತು ಮೂವತ್ತು ಹೆಜ್ಜೆ ದೂರದ ಹಂದಿಗೆ ಗುರಿಯಿಡುವವನಿಗೆ ಆ ದೂರ ಬೇಕಾಗಿಯೇ ಇಲ್ಲ. ಅಡಿಕೆ ತೋಟದಾಚೆ ಇನ್ನೊಂದು ಮನೆ, ಅದರಾಚೆ ಮತ್ತೊಂದು ಮನೆ ಇರುವ ಕಾಸರಗೋಡಿನಂಥ ನೆಲದಲ್ಲಿ ಗುರಿ ತಪ್ಪಿದ ರೈಫಲಿನ ಗುಂಡು ನೆರೆಮನೆಯವನಿಗೆ ಅಪಾಯ.

ಆದರೆ ಅಗ್ಗದ ಕೋವಿ ತನ್ನ ಬೆಲೆಯನ್ನು ಬೇರೆ ರೀತಿಯಲ್ಲಿ ವಸೂಲು ಮಾಡುತ್ತಿತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಮದ್ದು ಸುರಿದು, ನಾರು ತುರುಕಿ, ಗಜದಿಂದ ಜಡಿದು, ಗುಂಡು ಇಳಿಸಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಸಿಕ್ಕಿಸಿ ಕುದುರೆ ಎಳೆಯುವಷ್ಟರಲ್ಲಿ ಗಾಯಗೊಂಡ ಪ್ರಾಣಿ ಪೊದೆ ಸೇರಿರುತ್ತದೆ. ಎರಡನೆಯ ಈಡು ಎಂಬುದೇ ಇಲ್ಲ. ಬೆಳೆ ತೆನೆಗಟ್ಟುವ ಕಾಲವೂ ಮಳೆಯ ಕಾಲವೂ ಒಂದರೊಳಗೊಂದು ಬೆರೆತಿರುವ ಸೀಮೆಗಳಲ್ಲಿ ಮದ್ದು ತೇವ ಹೀರಿ ಕೇಪು ಹುಸಿಯಾಗುವುದು ಸಾಮಾನ್ಯ. ಅಳತೆ ಮೀರಿ ಜಡಿದರೆ ನಳಿಗೆಯೇ ಸಿಡಿಯುತ್ತದೆ. ಪರವಾನಗಿಯಿಲ್ಲದೆ ಕಮ್ಮಾರನ ಕುಲುಮೆಯಲ್ಲಿ ತಯಾರಾದ ನಾಡಕೋವಿಗಳ ಮಾತಂತೂ ಬೇಡ. ಒಟ್ಟಿನಲ್ಲಿ ಕೇಪಿನ ಕೋವಿ ಕೊಲ್ಲುವುದಕ್ಕಿಂತ ಗಾಯಗೊಳಿಸುವುದರಲ್ಲಿ ಹೆಚ್ಚು ಸಮರ್ಥವಾದ ಆಯುಧ. ಈ ಸಂಗತಿ ಮುಂದೆ ಸಾಹಿತ್ಯದ ವಿಷಯವಾಗುತ್ತದೆ.

ಕೋವಿಗಿಂತಲೂ ಅಗ್ಗದ ಉಪಾಯವೊಂದು ಹಿಂದೆ ಇತ್ತು: ಬಲೆ ಮತ್ತು ಈಟಿ. ಚಾಮರಾಜನಗರದ ಬಳಿ ನೆಲೆಸಿ, ಮೈಸೂರು ಸಂಸ್ಥಾನದ ಆನೆ ಹಿಡಿಯುವ ಖೆಡ್ಡಾವನ್ನು ರೂಪಿಸಿದ ಜಿ. ಪಿ. ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ, ಹಳ್ಳಿಗರು ಬಲೆ ಕಟ್ಟಿ ಹುಲಿಯನ್ನು ಸುತ್ತುಗಟ್ಟಿ ಈಟಿಗಳಿಂದ ಕೊಲ್ಲುತ್ತಿದ್ದ ಕ್ರಮವನ್ನು ವಿವರಿಸಿದ್ದಾನೆ. ಅಲ್ಲಿ ಆಯುಧದ ಖರ್ಚು ಊರಿಗೆಲ್ಲ ಹಂಚಿಹೋಗುತ್ತದೆ. ಕೋವಿಯಾದರೋ ಒಬ್ಬನ ಸೊತ್ತು, ಒಬ್ಬನ ಹೆಸರಿನ ಕಾಗದ.

ಆ ಕಾಗದದ ಕಥೆ ಶುರುವಾಗುವುದೂ ಅದೇ 1878ರಲ್ಲಿ. ಲಿಟ್ಟನ್ ವೈಸರಾಯ್ ಆಗಿದ್ದಾಗ ಬಂದ ಆಯುಧ ಕಾಯ್ದೆ ಬ್ರಿಟಿಷ್ ಇಂಡಿಯಾದ ಪ್ರಜೆಗಳಿಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಯುರೋಪಿಯನ್ನರು ಮತ್ತು ಆಂಗ್ಲೋ-ಇಂಡಿಯನ್ನರು ಬಹುಕಾಲ ಅದರಿಂದ ವಿನಾಯಿತಿ ಪಡೆದಿದ್ದರು. ಇಂದಿನ ದಕ್ಷಿಣ ಗಡಿನಾಡು ಹೆಚ್ಚುಕಡಿಮೆ ಪೂರ್ತಿಯಾಗಿ ಮದರಾಸು ಪ್ರಾಂತ್ಯದೊಳಗಿತ್ತು: ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ವಯನಾಡು ಮಲಬಾರಿನಲ್ಲಿ, ತಾಳವಾಡಿ ಕೊಯಮತ್ತೂರಿನಲ್ಲಿ, ಹೊಸೂರು ಸೇಲಂನಲ್ಲಿ. ನೀಲಗಿರಿಯಲ್ಲಿ ಇದರ ಮೇಲೆ ಇನ್ನೊಂದು ಪದರ ಸೇರಿತು. 1879ರ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆ ಬೇಟೆಗೆ ಋತುವನ್ನೂ ಅಪ್ಪಣೆಯನ್ನೂ ನಿಗದಿ ಮಾಡಿತು. ಬೇಟೆಯನ್ನು ಕ್ರೀಡೆಯೆಂದು ಬಗೆಯುವವನಿಗೆ ಅದು ಅನುಕೂಲವಾಗಿಯೇ ಇತ್ತು. ಬೆಳೆ ಕಾಯುವವನಿಗೆ ಪ್ರಾಣಿ ಬರುವ ದಿನವೇ ಋತು.

ಇವೆಲ್ಲದರ ನಡುವೆ ಕೊಡಗು ಒಂದು ದ್ವೀಪದಂತೆ ಉಳಿಯಿತು. ಮಾರ್ಕ್ ಕಬ್ಬನ್‌ನ ಕಾಲದ, 1861ರ ಪ್ರಕಟಣೆಯ ಮೂಲಕ ಕೊಡವರು ನಿಶ್ಶಸ್ತ್ರೀಕರಣದಿಂದ ಹೊರಗುಳಿದರು. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ಹಂಗಿಲ್ಲದ ಕೋವಿಯ ಹಕ್ಕು ಮುಂದುವರಿಯಿತು. ಕೊಡಗಿನ ತೆಂಕಣ ಅಂಚಿನ ಕಾಡು ವಯನಾಡಿನ ಕಾಡಾಗಿ ಮುಂದುವರಿಯುತ್ತದೆ, ಪಡುವಣ ಇಳಿಜಾರು ಕಾಸರಗೋಡಿನ ಕಡೆಗೆ ಇಳಿಯುತ್ತದೆ. ಆನೆಗೂ ಹಂದಿಗೂ ಗಡಿಯಿಲ್ಲ. ಆದರೆ ಗಡಿಯ ಒಂದು ಬದಿಯಲ್ಲಿ ಕೋವಿ ಪೂಜೆಯ ವಸ್ತು, ಇನ್ನೊಂದು ಬದಿಯಲ್ಲಿ ಅರ್ಜಿಯ ವಸ್ತು.

ರೈಫಲಿನ ವಿಷಯದಲ್ಲಿ ಸರ್ಕಾರದ ಭಯ ಇನ್ನೂ ಸೂಕ್ಷ್ಮವಾಗಿತ್ತು. ಸೇನೆಯ ಮದ್ದುಗುಂಡು ಕಳುವಾಗಿ ಪ್ರಜೆಗಳ ಕೋವಿಗಳಿಗೆ ಹೊಂದಿಬಿಟ್ಟರೆ? ಹಳೆಯ ಮಾರ್ಟಿನಿ-ಹೆನ್ರಿ ರೈಫಲುಗಳ ನೆನಪಿನಿಂದ .450 ಅಳತೆಯ ರೈಫಲುಗಳನ್ನು 1907ರಲ್ಲಿ ಭಾರತದಲ್ಲಿಯೂ ಸುಡಾನಿನಲ್ಲಿಯೂ ನಿರ್ಬಂಧಿಸಲಾಯಿತು. ಇಂಗ್ಲೆಂಡಿನ ಕೋವಿ ತಯಾರಕರು ಸುಮ್ಮನೆ ಕೂರಲಿಲ್ಲ; .465, .470, .475 ಎಂದು ಕೂದಲೆಳೆಯ ವ್ಯತ್ಯಾಸದ ಹೊಸ ಅಳತೆಗಳನ್ನು ಹುಟ್ಟಿಸಿ ಮಹಾರಾಜರಿಗೂ ತೋಟದ ದೊರೆಗಳಿಗೂ ಮಾರಿದರು. ಸೇನೆಯ .303 ಅಳತೆಯೂ ಸಾಮಾನ್ಯನಿಗೆ ನಿಷಿದ್ಧವಾಗಿದ್ದುದರಿಂದ, ಆಸ್ಟ್ರಿಯಾದ ಮ್ಯಾನ್‌ಲಿಕರ್ ಮೂಲದ ಎಂಟು ಮಿಲಿಮೀಟರಿನ ತೋಟಾವೊಂದು .315 ಎಂಬ ಹೆಸರಿನಲ್ಲಿ ಭಾರತದ ಮಧ್ಯಮ ವರ್ಗದ ಬೇಟೆಗಾರನ ಪಾಲಿಗೆ ಬಂತು. ಸ್ವಾತಂತ್ರ್ಯಾನಂತರ ಇಶಾಪುರದ ಸರ್ಕಾರಿ ಕಾರ್ಖಾನೆ ತಯಾರಿಸಿದ ಕ್ರೀಡಾ ರೈಫಲು ಇದೇ ಅಳತೆಯದು. ಉತ್ತಮವೆಂದು ಯಾರೂ ಆರಿಸದ, ನಿಷೇಧದ ಪಟ್ಟಿಯಲ್ಲಿಲ್ಲದ ಕಾರಣಕ್ಕೆ ಉಳಿದುಬಂದ ಆಯ್ಕೆ ಅದು. ಇಂಗ್ಲೆಂಡಿನ ಕುಶಲಕರ್ಮಿ ಕೈಯಿಂದ ಹೊಂದಿಸಿದ ಜೋಡುನಳಿಗೆ ರೈಫಲನ್ನು ಕೊಳ್ಳಲಾರದವನು, ಸಿಕ್ಕಿದ ಅಳತೆಯಲ್ಲಿ ತೋಟಾ ಸಿಗುವವರೆಗೆ ಬೇಟೆಯಾಡುತ್ತಿದ್ದ.

ಈ ಮಧ್ಯಮ ಸ್ಥಿತಿಯ ಅತ್ಯಂತ ಪ್ರಸಿದ್ಧ ಉದಾಹರಣೆ ಬೆಂಗಳೂರಿನ ಕೆನೆತ್ ಆಂಡರ್ಸನ್ (1910–1974). ಆತ ಜಹಗೀರುದಾರನಲ್ಲ, ಸಂಬಳದ ಮೇಲೆ ಬದುಕಿದವನು. ಅವನ ಕೈಯಲ್ಲಿದ್ದುದು ಅಮೆರಿಕದ ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ .405 ರೈಫಲು. ಜಾನ್ ಬ್ರೌನಿಂಗ್ ವಿನ್ಯಾಸದ, ಹಿಡಿಯ ಕೆಳಗಿನ ಸನ್ನೆಯನ್ನು ಆಡಿಸಿ ತೋಟಾ ಏರಿಸುವ ಕಾರ್ಖಾನೆಯ ಸರಕು ಅದು. ಅಮೆರಿಕದ ಅಧ್ಯಕ್ಷನಾಗಿದ್ದ ಥಿಯೊಡೊರ್ ರೂಸ್‌ವೆಲ್ಟ್ ಇದೇ ಅಳತೆಯದನ್ನು 1909ರಲ್ಲಿ ಆಫ್ರಿಕಕ್ಕೆ ಒಯ್ದಿದ್ದ. ಜೋಡುನಳಿಗೆಯ ಠೀವಿ ಇದಕ್ಕಿಲ್ಲ. ಆದರೆ ಒಂದರ ಹಿಂದೊಂದು ಈಡು ಹೊಡೆಯಬಹುದು, ಹುಲಿ ಚಿರತೆಗಳಿಗೆ ಸಾಕಷ್ಟು ಬಲವೂ ಉಂಟು. ಸೀಮಿತ ಹಣದಲ್ಲಿ ಇದಕ್ಕಿಂತ ಜಾಣತನದ ಆಯ್ಕೆ ಆ ಕಾಲದಲ್ಲಿ ವಿರಳ.

ಆಂಡರ್ಸನ್ನನ ಕಥೆಗಳ ಭೂಪಟ ಬಹುಪಾಲು ಗಡಿನಾಡಿನ ಭೂಪಟವೇ ಎಂಬುದನ್ನು ಕನ್ನಡ ಓದುಗರು ಸಾಕಷ್ಟು ಗಮನಿಸಿಲ್ಲ. 1954ರ ಅವನ ಮೊದಲ ಪುಸ್ತಕದಲ್ಲೇ ಜವಳಗಿರಿ, ಗುಮ್ಮಳಾಪುರ, ನೀಲಗಿರಿಯ ತಪ್ಪಲಿನ ಸೀಗೂರು ಬರುತ್ತವೆ. ಅವನ ಪುಟಗಳಲ್ಲಿ ಗುಮ್ಮಳಾಪುರ ನರಭಕ್ಷಕ ಚಿರತೆಯ ಊರು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದೇ ಊರು ಶೂನ್ಯಸಂಪಾದನೆಯ ಪರಿಷ್ಕರ್ತರಲ್ಲಿ ಒಬ್ಬನಾದ ಗುಮ್ಮಳಾಪುರದ ಸಿದ್ಧಲಿಂಗಯತಿಯ ಊರು. ಇಂಗ್ಲಿಷಿನಲ್ಲಿ ಓದಿದವನಿಗೆ ಈ ಎರಡನೆಯ ಗುಮ್ಮಳಾಪುರ ಕಾಣುವುದೇ ಇಲ್ಲ.

ಕಾಣದಿರುವುದು ಊರೊಂದೇ ಅಲ್ಲ. ಈ ಕಥೆಗಳಲ್ಲಿ ಕೇಪಿನ ಕೋವಿ ಮತ್ತೆ ಮತ್ತೆ ಬರುತ್ತದೆ, ಆದರೆ ಕಾರಣದ ಸ್ಥಾನದಲ್ಲಿ. ಹಳ್ಳಿಗನೊಬ್ಬ ಹಳೆಯ ಕೋವಿಯಿಂದ ಹಾರಿಸಿದ ಗುಂಡು ಹುಲಿಯ ಕಾಲನ್ನೋ ದವಡೆಯನ್ನೋ ಕೆಡಿಸುತ್ತದೆ; ಸಹಜ ಬೇಟೆ ಅಸಾಧ್ಯವಾದ ಪ್ರಾಣಿ ಮನುಷ್ಯನತ್ತ ತಿರುಗುತ್ತದೆ; ಆಗ ರೈಫಲು ಬರುತ್ತದೆ. ಅಗ್ಗದ ಆಯುಧ ಕೆಡಿಸಿದ್ದನ್ನು ಉತ್ತಮ ಆಯುಧ ಸರಿಪಡಿಸುತ್ತದೆ ಎಂಬುದೇ ಕಥಾಸೂತ್ರ. ಭೌತಿಕ ಸತ್ಯವಾಗಿ ಇದರಲ್ಲಿ ಸುಳ್ಳಿಲ್ಲ. ಆದರೆ ಆ ಹಳ್ಳಿಗನ ಕೈಗೆ ಏಕೆ ಅದೇ ಕೋವಿ ಬಂತು, ಅವನೇಕೆ ಬೇರೊಂದನ್ನು ಆರಿಸಲಿಲ್ಲ ಎಂಬ ಪ್ರಶ್ನೆಯನ್ನು ಕಥೆ ಕೇಳುವುದಿಲ್ಲ. ಆಂಡರ್ಸನ್ನನಿಗೆ ಕಾಡಿನ ಜನರ ಮೇಲೆ ನಿಜವಾದ ಪ್ರೀತಿಯಿತ್ತು. ಸೇಲಂ ಜಿಲ್ಲೆಯ ಕಾಡಿನ ಪೂಜಾರಿ ಬೈರನನ್ನು, ಅವನ ಬಚ್ಚಿಟ್ಟ ಹಳೆಯ ಕೋವಿಯನ್ನು ಆತ ಗೆಳೆತನದ ದನಿಯಲ್ಲೇ ವರ್ಣಿಸುತ್ತಾನೆ. ಹಾಗಿದ್ದರೂ ಬೈರ ಕಳ್ಳಬೇಟೆಗಾರ, ನಿರೂಪಕ ಬೇಟೆಗಾರ. ಇಬ್ಬರ ನಡುವೆ ನಿಂತಿರುವುದು ಕೌಶಲದ ಅಂತರವಲ್ಲ, ಪರವಾನಗಿಯ ಅಂತರ. ಕಾಡಿನ ಜ್ಞಾನದಲ್ಲಿ ಬೈರನೇ ಮೇಲೆಂದು ನಿರೂಪಕನೇ ಒಪ್ಪುತ್ತಾನೆ.

ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನನ ಬರಹಗಳನ್ನು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಈ ಲೋಕ ಕನ್ನಡದ ಜನಪ್ರಿಯ ಓದಿನ ಭಾಗವಾಯಿತು. ತಾವೂ ಕೋವಿ ಹಿಡಿದವರಾದ ತೇಜಸ್ವಿಯವರ ಭಾಷೆಯಲ್ಲಿ ಈಡು, ಚರೆ, ಮಸಿ ಮೊದಲಾದ ಶಬ್ದಗಳಿಗೆ ಬಳಕೆಯ ಸಹಜತೆಯಿದೆ. ಬೆಳೆಗಾರನ ಕಡೆಯಿಂದ ಬರೆದ ಬೇಟೆಯ ಗದ್ಯಕ್ಕೆ ಮಾತ್ರ ಕಾಸರಗೋಡಿಗೆ ಒತ್ತಿಕೊಂಡಿರುವ ಪುತ್ತೂರು ತಾಲೂಕಿನ ಕೆದಂಬಾಡಿ ಜತ್ತಪ್ಪ ರೈಯವರ ‘ಬೇಟೆಯ ನೆನಪುಗಳು’ ಕೃತಿಯತ್ತ ನೋಡಬೇಕು. ಕೃಷಿಕನೇ ಲೇಖಕನಾದಾಗ ನೋಟದ ನೆಲೆ ಬದಲಾಗುತ್ತದೆ. ತಾಳವಾಡಿಯ ಕಡೆಯಿಂದ, ಹೊಸೂರಿನ ಕಡೆಯಿಂದ ಇಂಥದೊಂದು ಪುಸ್ತಕ ಬಂದಿದ್ದರೆ ಬೈರನ ಚಿತ್ರ ಬೇರೆಯಾಗುತ್ತಿತ್ತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಕೋವಿಯ ಅರ್ಜಿ ಮಂಗಳೂರಿನ ಬದಲು ಕಣ್ಣೂರಿಗೆ ಹೋಗತೊಡಗಿತು; ಕಾಸರಗೋಡು ಸ್ವಂತ ಜಿಲ್ಲೆಯಾದದ್ದು 1984ರಲ್ಲಿ. ಅದೇ 1956ರಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರಿಗೆ ಬಂತು, ಅದಕ್ಕೆ ತಾಗಿದ ತಾಳವಾಡಿ ಅಲ್ಲೇ ಉಳಿಯಿತು. ಕಚೇರಿ ಬದಲಾದರೂ ಕಾನೂನಿನ ಮನೋಭಾವ ಬದಲಾಗಲಿಲ್ಲ. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯ 13ನೆಯ ಕಲಮು ಇದಕ್ಕೆ ಸಾಕ್ಷಿ. ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಎಂದು ಕೇಳುವವನಿಗೆ ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಳಿಗೆಯ, ಸುರುಳಿ ಗೀರಿಲ್ಲದ ಕೋವಿ. ನಿಜವಾದ ಬೆಳೆ ರಕ್ಷಣೆಗೆ ಎಂದು ಕೇಳುವವನಿಗೆ ಬಾಯಿಯಿಂದ ತುಂಬುವ ಕೋವಿ. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲೇ ಸೇನೆಗಳು ಕೈಬಿಡತೊಡಗಿದ್ದ ತಂತ್ರವನ್ನು ಇಪ್ಪತ್ತನೆಯ ಶತಮಾನದ ಶಾಸನ ರೈತನಿಗೆ ತಕ್ಕದ್ದೆಂದು ಹೆಸರಿಸಿ ಬರೆಯಿತು. ಅಗ್ಗದ ಕೋವಿ ಇಲ್ಲಿ ಬಡತನದ ಫಲವಾಗಿ ಉಳಿಯದೆ ರಾಜ್ಯವೇ ನಿಗದಿಪಡಿಸಿದ ದರ್ಜೆಯಾಯಿತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ಬೇಟೆಯ ಹವ್ಯಾಸಕ್ಕೆ ತೆರೆ ಬಿತ್ತು. ರೈಫಲುಗಳು ಗೋಡೆ ಸೇರಿದವು, ಬೇಟೆಯ ಲೇಖಕರು ಛಾಯಾಗ್ರಹಣಕ್ಕೆ ತಿರುಗಿದರು. ಅದು ಸರಿಯಾದ ತಿರುವೇ ಆಗಿತ್ತು. ಹಂದಿಗಳು ಮಾತ್ರ ಗದ್ದೆಗೆ ಬರುವುದನ್ನು ನಿಲ್ಲಿಸಲಿಲ್ಲ. ಚುನಾವಣೆ ಘೋಷಣೆಯಾದಾಗಲೆಲ್ಲ ಪರವಾನಗಿಯ ಕೋವಿಗಳನ್ನು ಠಾಣೆಗೆ ಒಪ್ಪಿಸುವ ಪದ್ಧತಿಯೂ ಇದೆ. ನೀತಿಸಂಹಿತೆಯ ದಿನಾಂಕಗಳು ಹಂದಿಗೆ ತಿಳಿಯುವುದಿಲ್ಲ ಎಂಬುದು ಬೇರೆ ಮಾತು.

2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ವಹಿಸಿತು. ವಿಷ, ಸಿಡಿಮದ್ದು, ವಿದ್ಯುತ್ತು, ಉರುಳುಗಳನ್ನು ಬಳಸುವಂತಿಲ್ಲ. ಪರವಾನಗಿಯುಳ್ಳ ಕೋವಿಯೇ ಬೇಕು. ಅಂಥ ಕೋವಿ ಹೊಂದಿದವರನ್ನು ಊರೂರಿನಲ್ಲಿ ಹುಡುಕಬೇಕಾಯಿತು. ಎಣ್ಮಕಜೆಯ ಅಥವಾ ತಿರುನೆಲ್ಲಿಯ ಬೆಳೆಗಾರ ಇಂದು ಹೊಸದಾಗಿ ಅರ್ಜಿ ಹಾಕಿದರೂ ಅದೇ 13ನೆಯ ಕಲಮಿನ ಎದುರು ನಿಲ್ಲುತ್ತಾನೆ. ಆ ಕಲಮಿಗೆ ಒಂದು ಉಪವಾಕ್ಯವಿದೆ: ಬಾಯಿಯಿಂದ ತುಂಬುವ ಕೋವಿ ಬೆಳೆ ರಕ್ಷಣೆಗೆ ಸಾಲದೆಂದು ಪರವಾನಗಿ ಕೊಡುವ ಅಧಿಕಾರಿಗೆ ಮನವರಿಕೆಯಾದರೆ ಸುರುಳಿ ಗೀರಿಲ್ಲದ ಬೇರೊಂದು ಕೋವಿಯನ್ನು ಆತ ಮಂಜೂರು ಮಾಡಬಹುದು. ಸಾಲುತ್ತದೋ ಇಲ್ಲವೋ ಎಂಬ ತೀರ್ಪು ಗದ್ದೆಯಲ್ಲಿ ರಾತ್ರಿ ಕಳೆಯುವವನದಲ್ಲ. ಬೆಟ್ಟದಾಚೆಯ ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, 2029ರ ಅಕ್ಟೋಬರಿನವರೆಗೆ, ವಿಸ್ತರಿಸಿದೆ.